ಅಪ್‌ಡೇಟ್: ಕರೆಂಟ್ ಎಲ್ಲಿ ಹೋಗುತ್ತಿತ್ತು ಅಂತ ಗೊತ್ತಾಯಿತು

ಹೊಸ ಸಾಮಾನು ಏನೂ ಕೊಂಡಿಲ್ಲ, ಆದರೂ ಯೂನಿಟ್ ಏಕೆ ಏರುತ್ತಿದೆ ಅಂತ ಕೇಳಿದ್ದೆನಲ್ಲ? ಕಳ್ಳರು ಇಬ್ಬರು: ಫ್ರಿಜ್ ಮತ್ತು ಗೀಸರ್.

ಫ್ರಿಜ್ ಬಾಗಿಲಿಗೆ ಕಾಗದ ಸಿಕ್ಕಿಸಿ ಎಳೆದು ನೋಡಿ ಎಂದವರಿಗೆ ದೊಡ್ಡ ಥ್ಯಾಂಕ್ಸ್. ಕೆಳಗಿನ ಮೂಲೆಯಲ್ಲಿ ಕಾಗದ ಸಲೀಸಾಗಿ ಜಾರಿ ಬಂತು. ರಬ್ಬರ್ ಗ್ಯಾಸ್ಕೆಟ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ತಂಪು ಸೋರುತ್ತಿದ್ದರಿಂದ ಕಂಪ್ರೆಸರ್‌ಗೆ ಬಿಡುವೇ ಇರಲಿಲ್ಲ. ಹೊಸ ಗ್ಯಾಸ್ಕೆಟ್ ಹಾಕಿಸಿದೆ, ಗೋಡೆಯಿಂದ ಸ್ವಲ್ಪ ಮುಂದಕ್ಕೂ ಎಳೆದೆ. ಈಗ ಆಗಾಗ ಸುಮ್ಮನಾಗುತ್ತದೆ.

ಗೀಸರ್ 2000 ವ್ಯಾಟಿನದು. ಒಂದು ಗಂಟೆ ಕಾದರೆ 2 ಯೂನಿಟ್. ಅಷ್ಟೇ ಕರೆಂಟಿನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬ್ 220 ಗಂಟೆ ಉರಿಯುತ್ತದೆ! ದಿನವಿಡೀ ಆನ್ ಇದ್ದರೆ ನೀರು ಆರಿದಾಗಲೆಲ್ಲ ಮತ್ತೆ ಕಾಯಿಸುತ್ತದೆ. ಈಗ ಥರ್ಮೋಸ್ಟಾಟ್ 60 ಡಿಗ್ರಿಗೆ ಇಳಿಸಿದ್ದೇನೆ, ಸ್ನಾನವಾದ ಮೇಲೆ ಸ್ವಿಚ್ ಆಫ್.

ಮೊಬೈಲ್ ಚಾರ್ಜರ್ ಕೀಳುವ ಸಲಹೆಯಿಂದ ಏನೂ ಉಳಿಯಲಿಲ್ಲ. ಪ್ಲಗ್‌ಗೆ ಹಾಕುವ ಮೀಟರ್‌ನಲ್ಲಿ ಖಾಲಿ ಚಾರ್ಜರ್ ಸೊನ್ನೆ ತೋರಿಸಿತು. ಫ್ಯಾನ್ ವೇಗ ಇಳಿಸಿಯೂ ಹೆಚ್ಚು ಲಾಭವಿಲ್ಲ, ನಮ್ಮದು ಹಳೇ ಡಬ್ಬಿ ರೆಗ್ಯುಲೇಟರ್. ಉಳಿಯಬೇಕಾದ ಕರೆಂಟಿನಲ್ಲಿ ಒಂದು ಪಾಲು ಅದರಲ್ಲೇ ಬಿಸಿಯಾಗಿ ಹೋಗುತ್ತದೆ.

ನನಗೆ ಆಶ್ಚರ್ಯ ಆಗಿದ್ದು ಸೆಟ್‌ಟಾಪ್ ಬಾಕ್ಸ್ ನೋಡಿ. ರಿಮೋಟ್‌ನಲ್ಲಿ ಆಫ್ ಮಾಡಿದರೂ ಹೆಚ್ಚುಕಡಿಮೆ ಅಷ್ಟೇ ಎಳೆಯುತ್ತಿತ್ತು. ಈಗ ರಾತ್ರಿ ಗೋಡೆಯ ಸ್ವಿಚ್ಚನ್ನೇ ಆರಿಸುತ್ತೇವೆ. ಬೆಳಿಗ್ಗೆ ಚಾನೆಲ್ ಬರಲು ತಡವಾಗುತ್ತೆ ಅಂತ ಮನೆಯಲ್ಲಿ ಗೊಣಗಾಟ ಇದೆ, ಇರಲಿ ಬಿಡಿ.