ಅಪ್ಪನ ಹತ್ತಿರ ನೇರವಾಗಿ ಕೇಳಿ ಅಭ್ಯಾಸವಿಲ್ಲದವನು ಪ್ರಾರ್ಥಿಸುವುದು ಹೇಗೆ?

ಹಾಸನದವನು:
ನಮ್ಮ ತಂದೆ ಶಾಲೆಯ ಮೇಷ್ಟರು. ಒಂದು ದಿನವೂ ನಮ್ಮ ಮೇಲೆ ಕೈ ಎತ್ತಿದವರಲ್ಲ. ಆದರೂ ಅವರ ಕುರ್ಚಿಯ ಮುಂದೆ ನಿಂತು ಏನನ್ನಾದರೂ ಕೇಳುವ ರೂಢಿ ನಮ್ಮ ಮನೆಯಲ್ಲಿ ಇರಲಿಲ್ಲ. ಏಳನೆಯ ತರಗತಿಯಲ್ಲಿ ಬೇಲೂರು, ಹಳೇಬೀಡಿನ ಪ್ರವಾಸಕ್ಕೆ 60 ರೂಪಾಯಿ ಬೇಕಾಗಿತ್ತು. ಅಮ್ಮನಿಗೆ ಹೇಳಿದೆ. ರಾತ್ರಿ ಮಜ್ಜಿಗೆ ಅನ್ನ ಬಡಿಸುವ ಹೊತ್ತು ನೋಡಿ ಅವರು ಮಾತು ತೆಗೆದರು. ನಾನು ಬಾಗಿಲ ಹಿಂದೆ ನಿಂತು ಅಪ್ಪನ ‘ಹೂಂ’ ಕೇಳಿಸಿಕೊಂಡೆ. ನನಗೆ ಮೊದಲ ಸಂಬಳ ಬರುವವರೆಗೂ ಹೀಗೆಯೇ ನಡೆಯಿತು.

ಚರ್ಚಿನ ಸಭೆಯಲ್ಲಿ ಬೇರೆಯವರಿಗಾಗಿ ಎಷ್ಟು ಹೊತ್ತು ಬೇಕಾದರೂ ಪ್ರಾರ್ಥಿಸುತ್ತೇನೆ. ನನಗಾಗಿ ಕೇಳಲು ಹೊರಟರೆ, ಯೇಸು ಕಲಿಸಿದ ಪ್ರಾರ್ಥನೆಯ ಮೊದಲ ಸಾಲು ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂಬಲ್ಲಿಗೇ ಮಾತು ನಿಲ್ಲುತ್ತದೆ. ಮತ್ತೆ ಆ ಬಾಗಿಲ ಹಿಂದೆಯೇ ಹೋಗಿ ನಿಂತಂತೆ ಆಗುತ್ತದೆ. ಕಳೆದ ವರ್ಷ ಅಮ್ಮ ತೀರಿಕೊಂಡರು. ದೇವರ ಹತ್ತಿರವೂ ನನ್ನ ಪರವಾಗಿ ಕೇಳುತ್ತಿದ್ದವರು ಅವರೇ ಎಂದು ಆಗ ತಿಳಿಯಿತು.

ನನ್ನ ಆರು ವರ್ಷದ ಮಗಳು ತೊಡೆ ಏರಿ, ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಬಣ್ಣದ ಪೆನ್ಸಿಲ್ ಕೇಳುತ್ತಾಳೆ. ಅವಳಿಗೆ ಇದನ್ನು ಯಾರೂ ಕಲಿಸಲಿಲ್ಲ. ನಲವತ್ತರಲ್ಲಿ ನಾನು ಕಲಿಯುವುದು ಹೇಗೆ?

ಧಾರವಾಡದ ಅಕ್ಕ:
ತಮ್ಮಾ, ಮನೆಯಲ್ಲಿ ಯಾರನ್ನಾದರೂ ‘ತಂದೆಯೇ’ ಎಂದು ಕರೆದಿದ್ದೀಯಾ? ಅದು ಪುಸ್ತಕದ ಮಾತು. ಶಿಲುಬೆಗೆ ಏರಿಸುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ದೇವರನ್ನು ಕರೆದದ್ದು ‘ಅಬ್ಬಾ’ ಎಂದು. ಬೈಬಲಿನಲ್ಲಿ ಮಾರ್ಕ 14:36 ನೋಡು. ಅವನ ಊರಿನ ಮನೆಗಳಲ್ಲಿ ಆಡುತ್ತಿದ್ದ ಅರಮಾಯ ಮಾತು ಅದು, ನಮ್ಮ ‘ಅಪ್ಪಾ’ ಇದ್ದಂತೆಯೇ ಕೇಳಿಸುತ್ತದೆ. ಆ ರಾತ್ರಿ ಅವನು ತನಗಾಗಿಯೇ ಕೇಳಿದನು, ಈ ಪಾತ್ರೆಯನ್ನು, ಅಂದರೆ ಬರಲಿದ್ದ ಆ ಸಂಕಟವನ್ನು, ನನ್ನಿಂದ ತೊಲಗಿಸು ಎಂದು. ಅದು ತೊಲಗಲಿಲ್ಲ. ಆದರೂ ಅವನು ಕೇಳಿದ್ದು ತಪ್ಪು ಎಂದು ಯಾರೂ ಹೇಳಲಾರರು.

ಮೈಸೂರಿನ ಕಥೋಲಿಕ:
ನಮ್ಮ ಪೂಜೆಯಲ್ಲಿ ಅದೇ ಪ್ರಾರ್ಥನೆಯಲ್ಲಿ ನಾವು ದೇವರಿಗೆ ‘ನಿಮ್ಮ ನಾಮ ಪೂಜಿತವಾಗಲಿ’ ಎನ್ನುತ್ತೇವೆ, ಬಹುವಚನದಲ್ಲಿ. ನಮ್ಮ ಅಪ್ಪನನ್ನೂ ನಾನು ‘ನೀವು’ ಎಂದೇ ಕರೆಯುವುದು. ರಾತ್ರಿ ಅವರ ಕಾಲು ಒತ್ತುತ್ತಾ ಮನೆಯ ಸಾಲದಿಂದ ಹಿಡಿದು ಎಲ್ಲವನ್ನೂ ಹೇಳಿಕೊಳ್ಳುತ್ತೇನೆ. ಸಲಿಗೆ ಬರಲು ಗೌರವ ಬಿಡಬೇಕಾಗಿಲ್ಲ ಸರ್.

ನಿವೃತ್ತ ಸಭಾಪಾಲಕ:
ಬೈಬಲಿನ ಕೀರ್ತನೆ 131 ಓದಿ. ಮೂರೇ ವಚನ. ಅಲ್ಲಿ ಮೊಲೆ ಬಿಡಿಸಿದ ಕೂಸು ತಾಯಿಯ ಬಳಿ ಸುಮ್ಮನೆ ಇದೆ. ಹಾಲಿಗಾಗಿ ಅಳುವ ವಯಸ್ಸು ದಾಟಿದೆ, ಆದರೂ ಮಡಿಲು ಬೇಕು. ಕೆಲವು ದಿನ ನೀವೂ ಏನನ್ನೂ ಕೇಳಬೇಡಿ. ಬಾಗಿಲ ಹಿಂದಿನಿಂದ ಬಂದು ಕುಳಿತುಕೊಳ್ಳಿ, ಅಷ್ಟೇ. ತಾಯಿ ಸಂತೈಸುವಂತೆ ಸಂತೈಸುವೆನು ಎಂದು ಯೆಶಾಯ 66ರಲ್ಲಿ ದೇವರೇ ಹೇಳಿದ್ದಾನೆ. ಅಮ್ಮನಲ್ಲಿ ನೀವು ಕಂಡದ್ದು ಅವನಲ್ಲಿಯೂ ಇದೆ.

ಹಾಸನದವನು:
ಎಲ್ಲರಿಗೂ ವಂದನೆಗಳು. ನಿನ್ನೆ ರಾತ್ರಿ ಮಗಳು ಮಲಗಿದ ಮೇಲೆ ಅಡುಗೆಮನೆಯಲ್ಲಿ ಕುಳಿತೆ. ‘ಅಪ್ಪಾ’ ಎಂದೆ. ಬಹಳ ಹೊತ್ತು ಬೇರೆ ಮಾತೇ ಬರಲಿಲ್ಲ. ಆಮೇಲೆ, ಅಮ್ಮ ಇಲ್ಲದೆ ಕಷ್ಟವಾಗುತ್ತಿದೆ ಎಂದು ಹೇಳಿದೆ. ಭಾನುವಾರ ಆರಾಧನೆ ಮುಗಿಸಿಕೊಂಡು ಊರಿಗೆ ಹೋಗುತ್ತೇನೆ. ತಂದೆ ಒಬ್ಬರೇ ಇದ್ದಾರೆ. ಅವರಿಗೂ ಹೀಗೆಯೇ ಆಗುತ್ತಿದೆಯೇ ಎಂದು ಕೇಳಬೇಕು.