ಸಹಾಯ ಬೇಕು: ಮ್ಯಾಂಟಲ್‌ನ (ಭೂಮಿಯ ಹೊರಚಿಪ್ಪಿನ ಕೆಳಗಿನ ಪದರದ) ಕಲ್ಲು ಯಾರ ಹತ್ರವಾದ್ರೂ ಇದೆಯಾ?

ನಮಸ್ಕಾರ. ಉಡುಪಿ ಹತ್ತಿರ ಹೈಸ್ಕೂಲ್ ಟೀಚರ್ ನಾನು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಲಾವಾ ಕಂಬಗಳನ್ನು ನೋಡಿಬಂದ ಮಕ್ಕಳು, "ಟೀಚರ್, ಅದಕ್ಕೂ ಅಡಿಯಲ್ಲಿ ಏನಿದೆ?" ಅಂತ ಕೇಳ್ತಿದ್ದಾರೆ. ರಷ್ಯಾದ ಕೋಲಾದಲ್ಲಿ ಕೊರೆದ ಬಾವಿಯೇ 12 ಕಿ.ಮೀ. ಚಿಲ್ಲರೆಗೆ ನಿಂತಿತು, ಮ್ಯಾಂಟಲ್ ಮುಟ್ಟಲಿಲ್ಲ. ಆದರೆ ಅರಿಜೋನಾದ ಸ್ಯಾನ್ ಕಾರ್ಲೋಸ್‌ನಂಥ ಕಡೆ ಲಾವಾವೇ ಮ್ಯಾಂಟಲ್‌ನ ಚೂರುಗಳನ್ನು ಹೊತ್ತು ತಂದಿದೆ: ಕಪ್ಪು ಬಸಾಲ್ಟ್ (ಲಾವಾ ಗಟ್ಟಿಯಾಗಿ ಆದ ಕಲ್ಲು) ನಡುವೆ, ಆಲಿವಿನ್ ಎಂಬ ಹಸಿರು ಖನಿಜದ ಹರಳುಗಳಿರುವ ಪೆರಿಡೊಟೈಟ್ ಕಲ್ಲು. ಜೊತೆಗೆ ಸ್ಪಿನೆಲ್ ಎಂಬ ಖನಿಜ ಇದ್ದರೆ ಆ ಕಲ್ಲು ಕಡಿಮೆ ಆಳದ್ದು, ಗಾರ್ನೆಟ್ ಎಂಬ ಖನಿಜ ಇದ್ದರೆ ಇನ್ನೂ ಕೆಳಗಿನದು. ಇಷ್ಟು ಭಾರದ ಕಲ್ಲು ಮುಳುಗದೆ ಮೇಲೆ ಬಂದಿದೆ ಅಂದರೆ ಲಾವಾ ಎಷ್ಟು ರಭಸದಿಂದ ಏರಿರಬೇಕು! ಇದನ್ನು ಫೋಟೋದಲ್ಲಿ ತೋರಿಸಿದರೆ ಸಾಲದು, ಮಕ್ಕಳು ಮುಟ್ಟಿ ನೋಡಬೇಕು. ಮಂಗಳೂರು, ಮಣಿಪಾಲ ಕಡೆ ಯಾರಲ್ಲಾದರೂ ಅಂಥ ಒಂದು ತುಂಡು ಇದ್ದರೆ ಒಂದು ವಾರಕ್ಕೆ ಕೊಡ್ತೀರಾ? ನಾನೇ ಬಂದು ತಗೊಂಡು ಹೋಗಿ, ಜೋಪಾನವಾಗಿ ವಾಪಸ್ ಮುಟ್ಟಿಸ್ತೇನೆ. ಭೂವಿಜ್ಞಾನ ಓದಿದವರು ಒಂದು ಪೀರಿಯಡ್ ಬಂದು ಮಾತಾಡಿದರಂತೂ ದೊಡ್ಡ ಉಪಕಾರ. ದಯವಿಟ್ಟು ಇನ್‌ಬಾಕ್ಸ್ ಮಾಡಿ.