ಜರ್ಮನಿಯಲ್ಲಿ ಮಾಸ್ಟರ್ಸ್: ಎಷ್ಟು ದುಡ್ಡು, ಏನೇನು ಕಾಗದ?

ಪ್ರಶ್ನೆ: ಶಿವಮೊಗ್ಗದಲ್ಲಿ ಕಂಪ್ಯೂಟರ್ ಸೈನ್ಸ್ ಬಿಇ ಕೊನೇ ವರ್ಷ, ಊರು ತೀರ್ಥಹಳ್ಳಿ ಹತ್ತಿರ. ಮ್ಯೂನಿಕ್‌ನ ಟಿಯುಎಂನಲ್ಲಿ (ಅಲ್ಲಿನ ಟೆಕ್ನಿಕಲ್ ಯೂನಿವರ್ಸಿಟಿ) ಮಾಸ್ಟರ್ಸ್ ಮಾಡುವ ಆಸೆ. ಜರ್ಮನಿಯಲ್ಲಿ ಫೀಸೇ ಇಲ್ಲ ಅಂತಾರೆ, ನಿಜವಾ? ಅಪ್ಪಯ್ಯ ತೋಟ ಅಡ ಇಟ್ಟಾದರೂ ಕಳಿಸುತ್ತೇನೆ ಅಂತಿದ್ದಾರೆ. ಗೊತ್ತಿದ್ದವರು ಹೇಳಿ, ಅಣ್ಣ-ಅಕ್ಕಂದಿರೇ.

ಸಾಗರದಿಂದ: ತಂಗಿ, ಫೀಸಿಲ್ಲ ಅನ್ನುವುದು ಟಿಯುಎಂ ಮಟ್ಟಿಗೆ ಹಳೇ ಮಾತು. 2024ರ ಚಳಿಗಾಲದ ಸೆಮಿಸ್ಟರಿನಿಂದ ಹೊಸದಾಗಿ ಸೇರುವ ನಮ್ಮಂಥವರಿಗೆ ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000 ಅಥವಾ 6,000 ಯೂರೋ, ಕೋರ್ಸ್ ನೋಡಿಕೊಂಡು. ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹೆ ಕಡೆ 1,500. ಆಖೆನ್‌ನಲ್ಲಿ ಹೆಚ್ಚಿನ ಕೋರ್ಸಿಗೆ ಬೋಧನಾ ಶುಲ್ಕವೇ ಇಲ್ಲ. ಟಿಯುಎಂ ಒಂದನ್ನೇ ನಂಬಿ ಕೂರಬೇಡ.

ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ (ಒಟ್ಟಿಗೇ ತೆಗೆಯಲಾಗದ ಖಾತೆ) 11,904 ಯೂರೋ ತೋರಿಸಬೇಕು, ಅಂದರೆ ಹೆಚ್ಚುಕಡಿಮೆ ಹನ್ನೆರಡು ಲಕ್ಷ. ಅದು ಎಲ್ಲೂ ಹೋಗುವುದಿಲ್ಲ, ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992ರಂತೆ ನಿನ್ನ ಕೈಗೇ ಬರುತ್ತದೆ. ಆದರೆ ಮ್ಯೂನಿಕ್ ಬಾಡಿಗೆ ವಿಪರೀತ, ಅಷ್ಟರಲ್ಲಿ ತಿಂಗಳು ತಳ್ಳುವುದು ಕಷ್ಟ.

ಇನ್ನು ತೋಟದ ವಿಷಯ, ಇದನ್ನು ಅಪ್ಪಯ್ಯನಿಗೆ ಓದಿ ಹೇಳು. ಎಜುಕೇಶನ್ ಲೋನಿಗೆ ಬ್ಯಾಂಕಿನವರು ಕೃಷಿ ಜಮೀನನ್ನು ಸಾಮಾನ್ಯವಾಗಿ ಆಧಾರಕ್ಕೆ ತಗೊಳ್ಳುವುದಿಲ್ಲ. ಸಾಲ ಕಟ್ಟದಿದ್ದರೆ ಕೋರ್ಟಿಗೆ ಹೋಗದೆ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆಯಡಿ ಕೃಷಿ ಭೂಮಿಯನ್ನು ಅವರು ಮುಟ್ಟುವಂತಿಲ್ಲ, ಮುಖ್ಯ ಕಾರಣ ಅದೇ. ಎಷ್ಟೇ ಒಳ್ಳೇ ಫಸಲು ಬರುವ ಅಡಿಕೆ ತೋಟದ ಪಹಣಿ ಹಿಡಿದು ಹೋದರೂ ಮ್ಯಾನೇಜರ್ ಕೇಳುವುದು ಮನೆ ಕಾಗದ. ಪಂಚಾಯಿತಿ ವ್ಯಾಪ್ತಿಯ ಮನೆಯಾದರೆ ಇ-ಸ್ವತ್ತು, ನಮೂನೆ 9 ಮತ್ತು 11. ನಮ್ಮ ಮನೆ ಅಜ್ಜನ ಹೆಸರಲ್ಲೇ ಇತ್ತು. ಪಾಲುಪಟ್ಟಿ, ಖಾತೆ ಬದಲಾವಣೆ, ಅಳತೆ ಅಂತ ತಮ್ಮನಿಗೆ ಸೀಟು ಸಿಕ್ಕಿದ ಮೇಲೂ ನಮ್ಮ ಅಪ್ಪಯ್ಯ ಫೈಲು ಬಗಲಲ್ಲಿಟ್ಟುಕೊಂಡು ಪಂಚಾಯಿತಿ ಬಾಗಿಲು ಕಾಯುತ್ತಿದ್ದರು. ನೀವು ಈಗಲೇ ಶುರು ಮಾಡಿ. ತಮ್ಮ ಪಟ್ಟಿಯಲ್ಲಿರುವ ದೊಡ್ಡ ಯೂನಿವರ್ಸಿಟಿಗಳಿಗೆ ಕೆಲವು ಬ್ಯಾಂಕು ಆಧಾರವಿಲ್ಲದೆಯೂ ಕೊಡುತ್ತವೆ, ಅದನ್ನೂ ವಿಚಾರಿಸಿ.

ಹೊಸನಗರದವಳು, ಈಗ ಆಖೆನ್‌ನಲ್ಲಿ: ಮೇಲೆ ಅಣ್ಣ ಹೇಳಿದ್ದು ಸರಿ. ನಾನು ಕಾಗದದ ಬಗ್ಗೆ ಹೇಳುತ್ತೇನೆ. ಮೊದಲು ನಮ್ಮ ಅಂಕಪಟ್ಟಿ ಅಸಲಿ ಅಂತ ಜರ್ಮನಿಯವರು ಪರಿಶೀಲಿಸಿ ಕೊಡುವ ಎಪಿಎಸ್ ಸರ್ಟಿಫಿಕೇಟ್, 18,000 ರೂಪಾಯಿ, ಅದಿಲ್ಲದೆ ವೀಸಾ ಆಗುವುದಿಲ್ಲ. ವಿಟಿಯು ಟ್ರಾನ್ಸ್‌ಕ್ರಿಪ್ಟ್‌ಗೆ ಮುಂಚೆಯೇ ಅರ್ಜಿ ಹಾಕು. ಟಿಯುಎಂಗೆ ಯೂನಿ-ಅಸಿಸ್ಟ್‌ನಿಂದ (ವಿದೇಶಿ ಅರ್ಜಿ ಪರಿಶೀಲಿಸುವ ಜರ್ಮನ್ ಸಂಸ್ಥೆ) ವಿಪಿಡಿ, ಅಂದರೆ ನಮ್ಮ ಪದವಿ ಪರಿಶೀಲಿಸಿದ ಪತ್ರ, ಕೂಡ ಬೇಕು. ಅಲ್ಲಿನ ಇನ್ಫರ್ಮ್ಯಾಟಿಕ್ಸ್‌ಗೆ (ಅಂದರೆ ಕಂಪ್ಯೂಟರ್ ಸೈನ್ಸ್) ನಮ್ಮ ದೇಶದ ಪದವಿ ಇದ್ದವರು ಜಿಆರ್‌ಇ ಅಥವಾ ಗೇಟ್ ಪರೀಕ್ಷೆಯ ಅಂಕ ಕೊಡಬೇಕು. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನಲ್ಲಿ 6.5 ಇದ್ದರೆ ಬಹಳ ಕಡೆ ನಡೆಯುತ್ತದೆ. ನಿನ್ನ ಸಿಜಿಪಿಎಯನ್ನು ಅವರ ಲೆಕ್ಕಕ್ಕೆ ತಿರುಗಿಸುತ್ತಾರೆ, ಅಲ್ಲಿ 1 ಅಂದರೆ ಅತ್ಯುತ್ತಮ, 4 ಅಂದರೆ ಬರೀ ಪಾಸು. ಅಂಕಕ್ಕಿಂತ ಜಾಸ್ತಿ ಪೆಟ್ಟು ಬೀಳುವುದು ಸಿಲಬಸ್‌ನಲ್ಲಿ. ಗಣಿತ, ಅಲ್ಗಾರಿದಮ್, ಆಪರೇಟಿಂಗ್ ಸಿಸ್ಟಮ್ ಎಷ್ಟೆಷ್ಟು ಓದಿದ್ದೀಯ ಅಂತ ಒಂದೊಂದೇ ವಿಷಯ ಹೋಲಿಸಿ ನೋಡುತ್ತಾರೆ, ಅದಕ್ಕೆ ಅಧಿಕೃತ ಸಿಲಬಸ್ ಪ್ರತಿ ಈಗಲೇ ತೆಗೆದಿಟ್ಟುಕೋ.

ಪಾರ್ಟ್ ಟೈಮ್ ದುಡಿದು ಫೀಸ್ ಕಟ್ಟುತ್ತೇನೆ ಅನ್ನುವ ಲೆಕ್ಕ ಮಾತ್ರ ಬೇಡ. ವರ್ಷಕ್ಕೆ 140 ಪೂರ್ತಿ ದಿನ ಕೆಲಸಕ್ಕೆ ಅವಕಾಶ ಇದೆ, ಆದರೆ ಮೊದಲ ಸೆಮಿಸ್ಟರಿನಲ್ಲಿ ಓದಿಗೇ ಟೈಮ್ ಸಾಲುವುದಿಲ್ಲ. ಟಿಯುಎಂನಲ್ಲಿ ಫೀಸ್ ವಿನಾಯಿತಿ, ಸ್ಕಾಲರ್‌ಶಿಪ್ ಇವೆ. ಸೀಟು ಸಿಕ್ಕರೆ ಅದಕ್ಕೂ ಅರ್ಜಿ ಹಾಕು.